ಯಂತ್ರಕ್ಕೆ ವಿದ್ವಾಂಸರನ್ನು ಅರಸಿದುದು

1981ನೆಯ ಇಸವಿಯ ಅಕ್ಟೋಬರ್ ಮಾಸದಲ್ಲಿ ಮೂರು ದೇಶಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರಬಹುದಾದ ಮೂರು ಸಂಗತಿಗಳು ನಡೆದುವು. ಜಪಾನಿನ ಟೋಕಿಯೋ ನಗರದಲ್ಲಿ ಆ ದೇಶದವರು ಹೊರನಾಡಿನ ಪಂಡಿತರನ್ನೂ ಕರೆಸಿ ಸಭೆ ಸೇರಿಸಿ, ‘ಐದನೆಯ ತಲೆಮಾರಿನ’ ಕಂಪ್ಯೂಟರುಗಳನ್ನು ನಿರ್ಮಿಸುವ ತಮ್ಮ ಸಂಕಲ್ಪವನ್ನು ಪ್ರಕಟಿಸಿದರು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿ, ಫಂಕ್ಷನಲ್ ಭಾಷೆಗಳನ್ನೂ ಅವುಗಳಿಗೆ ಒಪ್ಪುವ ಯಂತ್ರಗಳ ರಚನೆಯನ್ನೂ ಕುರಿತು ವಿಚಾರಮಾಡುವ ಸಮ್ಮೇಳನವು ಮೊದಲನೆಯ ಬಾರಿಗೆ ಕೂಡಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಗರ್ಡ್, ಇಯಾನ್ ವಾಟ್ಸನ್ ಮೊದಲಾದವರು ಕಟ್ಟಿದ ‘ಡೇಟಾಫ್ಲೋ’ ಯಂತ್ರವು ಕೆಲಸಮಾಡತೊಡಗಿತು. ಎರಡು ವರ್ಷ ಕಳೆಯುವುದರೊಳಗಾಗಿ ಈ ಮೂರು ಎಳೆಗಳೂ ಬ್ರಿಟನ್ನಿನಲ್ಲಿ ಒಂದಾಗಿ ಹೆಣೆದುಕೊಂಡು, ಆ ದೇಶದ ಸರಕಾರವು ವಿಶ್ವವಿದ್ಯಾನಿಲಯಗಳ ಬಾಗಿಲಿಗೆ ಹಣದ ಚೀಲವನ್ನು ಹಿಡಿದುಕೊಂಡು ಬಂದು, ಈ ವಿದ್ಯೆಯನ್ನು ಬಲ್ಲವರು ಯಾರಿದ್ದೀರಿ ಎಂದು ಕೇಳುವ ಸ್ಥಿತಿಯು ಒದಗಿತು. ಆಗ ಯಾರು ಸಿಕ್ಕಿದರು, ಎಲ್ಲಿಂದ ಸಿಕ್ಕಿದರು, ಸಿಕ್ಕಿದವರು ಮುಂದೆ ಏನಾದರು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ವಿದ್ಯೆಯ ಮಾತು. ನಾವು ದಿನವೂ ಕಾಣುವ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞರ ಹೆಸರಿನಲ್ಲಿ 1945ರಲ್ಲಿ ಹೊರಬಿದ್ದ ವರದಿಯ ಪದ್ಧತಿಯನ್ನೇ ಅನುಸರಿಸಿದವು. ಸ್ಮರಣಭಾಂಡಾರವೊಂದು ಒಂದು ಕಡೆ, ಲೆಕ್ಕಮಾಡುವ ಅಂಗವು ಇನ್ನೊಂದು ಕಡೆ. ನಡುವೆ ಇಕ್ಕಟ್ಟಾದ ಒಂದೇ ಓಣಿ. ಭಾಂಡಾರದಿಂದ ಒಂದು ಅಂಕಿಯನ್ನು ತರಬೇಕು, ಕೂಡಬೇಕು, ಮರಳಿ ಒಯ್ದು ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಹತ್ತು ಮಂದಿ ಗುಮಾಸ್ತರು ಒಂದೇ ಹಲಗೆಯ ಮೇಲೆ ಲೆಕ್ಕವನ್ನು ಬರೆಯಹೊರಟರೆ, ಒಬ್ಬನು ಬರೆದುದನ್ನು ಮತ್ತೊಬ್ಬನು ಒರಸಿಬಿಡುವ ಭಯದಿಂದ ಒಂಬತ್ತು ಮಂದಿ ಕೈಕಟ್ಟಿ ನಿಲ್ಲಬೇಕಾಗುವುದಷ್ಟೆ. ಫಂಕ್ಷನಲ್ ಪದ್ಧತಿಯಲ್ಲಿ ಅಳಿಸುವುದೆಂಬುದೇ ಇಲ್ಲ. ಮೂರಕ್ಕೆ ನಾಲ್ಕನ್ನೂ ಐದಕ್ಕೆ ಆರನ್ನೂ ಕೂಡಿಸಿ ಬಂದ ಮೊತ್ತಗಳನ್ನು ಗುಣಿಸು ಎಂದರೆ, ಒಂದು ಸಂಕಲನವನ್ನು ಒಬ್ಬನೂ ಇನ್ನೊಂದನ್ನು ಬೇರೊಬ್ಬನೂ ಏಕಕಾಲದಲ್ಲಿ ಮಾಡಬಹುದು. ಯಾರು ಮೊದಲು ಮುಗಿಸಿದರೂ ಉತ್ತರವು ಎಪ್ಪತ್ತೇಳೇ. ಆದುದರಿಂದ ಹಲವು ಯಂತ್ರಾಂಗಗಳು ಕೂಡಿ ದುಡಿಯಬೇಕಾದರೆ ಈ ಪದ್ಧತಿಯೇ ಸಹಜವಾದುದೆಂದು ಕೆಲವರಿಗೆ ತೋರಿತು.

ಈ ವಿಚಾರದ ಬೇರು ಹಳೆಯದು. ಅಲೋಂಜೊ ಚರ್ಚ್ ಅವರು 1930ರ ದಶಕದಲ್ಲಿ ರಚಿಸಿದ ಲ್ಯಾಂಬ್ಡಾ ಕಲನವೇ ಇದರ ಗಣಿತಶಾಸ್ತ್ರದ ಮೂಲ. ಆದರೆ ಇದಕ್ಕೆ ಲೋಕದ ಕಿವಿ ದೊರೆತುದು 1977ರಲ್ಲಿ. ಫೋರ್ಟ್ರಾನ್ ಭಾಷೆಯನ್ನು ನಿರ್ಮಿಸಿ ಕೀರ್ತಿವಂತರಾಗಿದ್ದ ಜಾನ್ ಬ್ಯಾಕಸ್ ಅವರು ಆ ವರ್ಷ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸುತ್ತ ಮಾಡಿದ ಭಾಷಣದಲ್ಲಿ, ಮೇಲೆ ಹೇಳಿದ ಇಕ್ಕಟ್ಟಾದ ಓಣಿಯನ್ನು ಫಾನ್ ನಾಯ್ಮನ್ ಅವರ ಸೀಸೆಯ ಕೊರಳೆಂದು ಕರೆದು, ಕ್ರಮರಚನೆಯ ವಿದ್ಯೆಯು ಅದರಿಂದ ಬಿಡುಗಡೆ ಹೊಂದಬೇಕೆಂದು ವಾದಿಸಿದರು. ಹಳೆಯ ಪದ್ಧತಿಯಲ್ಲಿ ತಾವೇ ಪ್ರಸಿದ್ಧಿಗೆ ಬಂದ ಮಹನೀಯರು ಅದನ್ನೇ ಖಂಡಿಸಿದುದರಿಂದ ಆ ಮಾತಿಗೆ ಎಲ್ಲಿಲ್ಲದ ತೂಕ ಬಂದಿತು.

ಬ್ರಿಟನ್ನಿನಲ್ಲಿ ಈ ವಿದ್ಯೆಯನ್ನು ಬಲ್ಲವರು ಆಗ ಎಷ್ಟು ಮಂದಿ ಇದ್ದರು? ಬೆರಳುಗಳಲ್ಲಿ ಎಣಿಸಬಹುದಾದಷ್ಟು ಎಂದರೆ ಹೆಚ್ಚು ತಪ್ಪಾಗದು. ಪೀಟರ್ ಲ್ಯಾಂಡಿನ್ ಅವರು 1960ರ ದಶಕದ ನಡುವಿನಲ್ಲಿ ಬರೆದ ಲೇಖನಗಳು ಅಡಿಗಲ್ಲಾಗಿದ್ದುವು. ಎಡಿನ್‌ಬರೋದಲ್ಲಿ ರಾಡ್ ಬರ್ಸ್ಟಲ್ ಅವರೂ ಅವರ ಜೊತೆಯವರೂ ‘ಹೋಪ್’ ಎಂಬ ಭಾಷೆಯನ್ನು ಕಟ್ಟಿದ್ದರು. ಹೋಪ್ ಎಂದರೆ ಆಸೆ ಎಂದರ್ಥವಾದರೂ, ಆ ಹೆಸರು ಬಂದುದು ಅವರ ವಿಭಾಗವಿದ್ದ ಹೋಪ್ ಪಾರ್ಕ್ ಎಂಬ ಚೌಕದಿಂದ. ಡೇವಿಡ್ ಟರ್ನರ್ ಅವರು 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಂಥ ಭಾಷೆಯನ್ನು ಕೆಲವೇ ಮೂಲಕ್ರಿಯೆಗಳಿಗೆ ಇಳಿಸಿ ನಡೆಯಿಸುವ ಬಗೆಯನ್ನು ತೋರಿಸಿಕೊಟ್ಟರು. ಅದನ್ನು ಓದಿದ ಕೇಂಬ್ರಿಜ್‌ನವರು ಆ ಕ್ರಿಯೆಗಳನ್ನೇ ನಡೆಯಿಸುವ ‘ಸ್ಕಿಮ್’ ಎಂಬ ಸಣ್ಣ ಯಂತ್ರವನ್ನು ಮಾಡಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಜಾನ್ ಡಾರ್ಲಿಂಗ್ಟನ್ ಮತ್ತು ಮೈಕ್ ರೀವ್ ಅವರು ‘ಆಲಿಸ್’ ಎಂಬ ಸಮಾನಾಂತರ ಯಂತ್ರದ ನಕ್ಷೆಯನ್ನು ರಚಿಸಿ ಪೋರ್ಟ್ಸ್‌ಮತ್ ಸಮ್ಮೇಳನದ ಮುಂದಿಟ್ಟರು.

ಇವರಲ್ಲಿ ಅನೇಕರನ್ನು ಪೋಷಿಸುತ್ತಿದ್ದುದು ಆ ದೇಶದ ವಿಜ್ಞಾನ ಸಂಶೋಧನಾ ಮಂಡಲಿಯು 1977ರಲ್ಲಿ ಆರಂಭಿಸಿದ, ಹಂಚಿ ನಡೆಯುವ ಗಣನೆಯನ್ನು ಕುರಿತ ಒಂದು ಸಾಧಾರಣವಾದ ಕಾರ್ಯಕ್ರಮ. ಅದರ ಮೊಬಲಗು ದೊಡ್ಡದಲ್ಲ. ಆದರೆ ಅದು ವರ್ಷ ವರ್ಷವೂ ಬಂದಿತು. ಬೇರೆ ಬೇರೆ ಊರಿನ ವಿದ್ವಾಂಸರನ್ನು ಆಗಾಗ ಒಂದೆಡೆ ಕೂಡಿಸಿತು. ವಿದ್ಯಾರ್ಥಿಗಳಿಗೆ ಒಂದೊಂದು ಮೇಜನ್ನೂ ಒಬ್ಬೊಬ್ಬ ಗುರುವನ್ನೂ ಒದಗಿಸಿತು. ಇತಿಹಾಸ ಬರೆಯುವವರು ಈ ಚಿಕ್ಕ ಕಾರ್ಯಕ್ರಮವನ್ನು ಒಂದು ವಾಕ್ಯದಲ್ಲಿ ದಾಟಿ ಮುಂದಣ ದೊಡ್ಡ ಯೋಜನೆಗೆ ಓಡುವುದುಂಟು. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ದೊಡ್ಡ ಯೋಜನೆಯು ಬಂದಾಗ ನೇಮಿಸಿಕೊಳ್ಳಲು ಯಾರಾದರೂ ಇದ್ದರೆಂದರೆ, ಅವರು ಬಹುಮಟ್ಟಿಗೆ ಈ ಚಿಕ್ಕ ಹಣದಿಂದ ಬೆಳೆದವರೇ ಆಗಿದ್ದರು.

ಇಲ್ಲಿ ಒಂದು ವಿಪರೀತವಾದ ಸಂಗತಿಯನ್ನು ಹೇಳಬೇಕಾಗಿದೆ. ಇದೇ 1981ರ ಜುಲೈ ತಿಂಗಳಲ್ಲಿ ಬ್ರಿಟನ್ನಿನ ವಿಶ್ವವಿದ್ಯಾನಿಲಯ ಧನಸಹಾಯ ಸಮಿತಿಯು ಸರಕಾರದ ಮಿತವ್ಯಯದ ನೀತಿಗೆ ಒಳಪಟ್ಟು ವಿದ್ಯಾಸಂಸ್ಥೆಗಳ ಧನವನ್ನು ಬಲವಾಗಿ ಕಡಿತಗೊಳಿಸಿತು. ಎಂಜಿನಿಯರಿಂಗ್ ಶಿಕ್ಷಣಕ್ಕೆ ಹೆಸರಾದ ಸ್ಯಾಲ್ಫರ್ಡ್ ವಿಶ್ವವಿದ್ಯಾನಿಲಯಕ್ಕೇ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದಿತು. ತರುಣರಿಗೆ ಅಧ್ಯಾಪಕ ಹುದ್ದೆಗಳು ಸಿಕ್ಕುವುದು ದುರ್ಲಭವಾಯಿತು. ಇದ್ದ ಹಿರಿಯರನ್ನು ಅವಧಿಗೆ ಮೊದಲೇ ನಿವೃತ್ತಿಹೊಂದಿರೆಂದು ಪ್ರೇರಿಸಿದರು. ಇತ್ತ ಟೋಕಿಯೋದಿಂದ ಹಿಂದಿರುಗಿದ ಬ್ರಿಟಿಷ್ ನಿಯೋಗದವರು ಗಾಬರಿಯಿಂದ ಜಪಾನಿನ ಸುದ್ದಿಯನ್ನು ಹೇಳಲು, ಬ್ರಿಟಿಷ್ ಟೆಲಿಕಾಂ ಸಂಸ್ಥೆಯ ಜಾನ್ ಆಲ್ವಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. 1982ರಲ್ಲಿ ಅದರ ವರದಿ ಹೊರಬಿದ್ದಿತು. 1983ರಲ್ಲಿ ಐದು ವರ್ಷಗಳ ಆಲ್ವಿ ಕಾರ್ಯಕ್ರಮವು ಪ್ರಾರಂಭವಾಯಿತು. ಒಟ್ಟು ವೆಚ್ಚ 35 ಕೋಟಿ ಪೌಂಡುಗಳು. ಇದರಲ್ಲಿ 20 ಕೋಟಿ ಸರಕಾರದ್ದು, ಉಳಿದುದು ಉದ್ಯಮಗಳದ್ದು. ಬ್ರಯನ್ ಓಕ್ಲಿ ಅವರು ಇದರ ನಿರ್ದೇಶಕರಾದರು. ಒಂದು ಕೈಯಿಂದ ಬಾಗಿಲನ್ನು ಮುಚ್ಚಿದ ಸರಕಾರವು ಎರಡೇ ವರ್ಷಗಳಲ್ಲಿ ಇನ್ನೊಂದು ಕೈಯಿಂದ ಅದೇ ಬಾಗಿಲನ್ನು ತಟ್ಟಿದಂತಾಯಿತು.

ಕೆಲಸಗಾರರ ಅಭಾವವು ಆಡಳಿತದವರಿಗೆ ಕಾಣದೆ ಹೋಗಲಿಲ್ಲ. 1983ರಿಂದ ‘ಹೊಸ ರಕ್ತ’ವೆಂಬ ಹೆಸರಿನಲ್ಲಿ ತರುಣ ಅಧ್ಯಾಪಕರ ಕೆಲವು ಹುದ್ದೆಗಳನ್ನೂ, ಅದರೊಡನೆ ಕಂಪ್ಯೂಟರ್ ವಿದ್ಯೆಗೆಂದೇ ಕೆಲವು ಹುದ್ದೆಗಳನ್ನೂ ಸೃಷ್ಟಿಸಿದರು. ಮೊದಲು ರಕ್ತವನ್ನು ತೆಗೆದು ಅನಂತರ ಹೊಸ ರಕ್ತವನ್ನು ತುಂಬುವ ಈ ಚಿಕಿತ್ಸೆಗೆ ಆ ಹೆಸರನ್ನು ಇಟ್ಟವರು ಪರಿಹಾಸ್ಯಕ್ಕಾಗಿ ಇಟ್ಟಿರಲಾರರು.

ಕಾರ್ಯಕ್ರಮದ ನಿಬಂಧನೆ ಹೀಗಿದ್ದಿತು: ವಿಶ್ವವಿದ್ಯಾನಿಲಯಗಳ ವೆಚ್ಚವನ್ನು ಪೂರ್ತಿಯಾಗಿಯೂ ಕಂಪೆನಿಗಳ ವೆಚ್ಚವನ್ನು ಅರ್ಧದಷ್ಟೂ ಸರಕಾರವು ಕೊಡುವುದು, ಸಾಮಾನ್ಯವಾಗಿ ಇಬ್ಬರೂ ಕೂಡಿಯೇ ಯೋಜನೆಯನ್ನು ಮಂಡಿಸತಕ್ಕದ್ದು. ಇದರಿಂದ ಒಂದು ಗುಣವೂ ಒಂದು ದೋಷವೂ ಉಂಟಾದುವು. ಪಂಡಿತರಿಗೆ ಯಂತ್ರಶಾಲೆಯ ಪರಿಚಯವಾದುದು ಗುಣ. ಆದರೆ ಸಹಾಯಕ ಸಂಶೋಧಕರ ನೇಮಕವೆಲ್ಲ ಧನದ ಅವಧಿಗೆ ಕಟ್ಟುಬಿದ್ದು, ಎರಡು ಮೂರು ವರ್ಷಗಳದ್ದಾಯಿತು. ಹುದ್ದೆಗೆ ಬಂದ ತರುಣನಿಗೆ ಯಂತ್ರದ ಮರ್ಮವು ತಿಳಿಯುವುದರೊಳಗಾಗಿ ಒಂದು ವರ್ಷ ಹೋಗುವುದು; ಕೊನೆಯ ಆರು ತಿಂಗಳು ಮುಂದಣ ಜೀವನೋಪಾಯವನ್ನು ಹುಡುಕುವುದರಲ್ಲಿ ಹೋಗುವುದು. ಅವನು ಬಿಟ್ಟುಹೋದ ಬಳಿಕ ಅವನು ಎಳೆದ ತಂತಿಗಳ ರಹಸ್ಯವು ಅವನೊಡನೆಯೇ ಹೋಗುವುದು. ಯಂತ್ರವನ್ನು ಕಟ್ಟುವ ಕೆಲಸಕ್ಕೆ ಇದಕ್ಕಿಂತ ಅಹಿತವಾದ ಏರ್ಪಾಡನ್ನು ಊಹಿಸುವುದು ಕಷ್ಟ.

ಇಂಥ ಸನ್ನಿವೇಶದಲ್ಲಿ ಒಳ್ಳೆಯ ನೇಮಕವೆಂದರೆ ಎಂಥದು ಎಂಬುದಕ್ಕೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ದೃಷ್ಟಾಂತವನ್ನು ಕೊಡಬಹುದು. ಸೈಮನ್ ಪೇಟನ್ ಜೋನ್ಸ್ ಎಂಬವರು ಕೇಂಬ್ರಿಜ್‌ನಲ್ಲಿ ಓದು ಮುಗಿಸಿ, ಎರಡು ವರ್ಷ ಉದ್ಯಮದಲ್ಲಿ ದುಡಿದವರು. ಅವರಿಗೆ ಡಾಕ್ಟರ್ ಪದವಿಯಿರಲಿಲ್ಲ. ಆದರೂ ಆ ಕಾಲೇಜಿನವರು ಅವರನ್ನು ಅಧ್ಯಾಪಕರನ್ನಾಗಿ ತೆಗೆದುಕೊಂಡರು. ಅವರು ಕ್ರಿಸ್ ಕ್ಲ್ಯಾಕ್, ಜಾನ್ ಸಾಲ್ಕಿಲ್ಡ್, ಮಾರ್ಕ್ ಹಾರ್ಡಿ ಅವರೊಡನೆ ಕೂಡಿ ಆಲ್ವಿ ಧನದಿಂದ ‘ಗ್ರಿಪ್’ ಎಂಬ ಸಮಾನಾಂತರ ಯಂತ್ರವನ್ನು ಕಟ್ಟಿದರು. ಒಂದೊಂದು ಫಲಕದ ಮೇಲೆ ನಾಲ್ಕು ಮೋಟೊರೋಲಾ ಗಣನಾಂಗಗಳೂ ಒಂದು ಚತುರವಾದ ಸ್ಮರಣಭಾಂಡಾರವೂ. ಹೀಗೆ ಇಪ್ಪತ್ತು ಫಲಕಗಳವರೆಗೆ ಸೇರಿಸಬಹುದಾದ ರಚನೆ. 1987ರಲ್ಲಿ ಪೇಟನ್ ಜೋನ್ಸ್ ಅವರು ಇಂಥ ಭಾಷೆಗಳನ್ನು ಯಂತ್ರದ ಮೇಲೆ ನಡೆಯಿಸುವ ವಿಧಾನವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಪದವಿಪತ್ರವನ್ನೇ ನೋಡಿ ನೇಮಿಸುವ ಪದ್ಧತಿಯಿದ್ದಿದ್ದರೆ ಇದಾವುದೂ ಆ ಕಾಲೇಜಿಗೆ ದಕ್ಕುತ್ತಿರಲಿಲ್ಲ.

ಈ ಯಂತ್ರಗಳ ಗತಿಯನ್ನು ಬೇಗ ಹೇಳಿಬಿಡಬಹುದು. ಐದಾರು ಮಂದಿ ವಿದ್ವಾಂಸರು ನಾಲ್ಕೈದು ವರ್ಷ ಶ್ರಮಪಟ್ಟು ಒಂದು ವಿಶೇಷ ಯಂತ್ರವನ್ನು ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ, ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಗಣನಾಂಗವು ಹಲವು ಪಟ್ಟು ವೇಗವನ್ನು ಪಡೆದಿರುತ್ತಿತ್ತು. ಅದೂ ಅಲ್ಲದೆ ಕೆಲಸವನ್ನು ತೀರ ಚಿಕ್ಕ ಚಿಕ್ಕ ತುಣುಕುಗಳಾಗಿ ಹಂಚಿದರೆ, ಕೆಲಸಕ್ಕಿಂತ ಹಂಚುವಿಕೆಯ ಶ್ರಮವೇ ಮಿಗಿಲಾಗುವುದೆಂಬುದು ಅನುಭವದಿಂದ ತಿಳಿಯಿತು. ಐಸಿಎಲ್ ಕಂಪೆನಿಯೂ ಮ್ಯಾಂಚೆಸ್ಟರ್ ಮತ್ತು ಇಂಪೀರಿಯಲ್ ಪಂಡಿತರೂ ಕೂಡಿ ಕೈಗೊಂಡ ‘ಫ್ಲಾಗ್‌ಷಿಪ್’ ಯೋಜನೆಯ ಫಲವು ಮುಂದೆ ಯೂರೋಪಿನ ಮತ್ತೊಂದು ಯೋಜನೆಯೊಳಗೆ ಸೇರಿ, 1990ರ ದಶಕದ ನಡುವೆ ‘ಗೋಲ್ಡ್‌ರಷ್’ ಎಂಬ ಮಾರಾಟದ ಯಂತ್ರವಾಗಿ ಹೊರಬಂದಿತು. ಅದರ ಕೆಲಸವೆಂದರೆ ದೊಡ್ಡ ವ್ಯವಹಾರಸಂಸ್ಥೆಗಳ ದಾಖಲೆಗಳನ್ನು ಹುಡುಕಿಕೊಡುವುದು. 1988ರ ಹೊತ್ತಿಗೆ ಆಲ್ವಿ ಕಾರ್ಯಕ್ರಮವು ಮುಗಿಯಲು, ಅದನ್ನು ಅದೇ ಪ್ರಮಾಣದಲ್ಲಿ ಮುಂದುವರಿಸಲು ಸರಕಾರವು ಒಪ್ಪಲಿಲ್ಲ.

ಆದರೆ ಜನರು ಉಳಿದರು; ಎಲ್ಲರೂ ಅಲ್ಲ, ಕೆಲವರು. ಇವರನ್ನು ಉಳಿಸಿದುದರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪಾತ್ರವು ವಿಶೇಷವಾದುದು. ಅಲ್ಲಿಯವರು 1986ರಲ್ಲಿ ಜಾನ್ ಹ್ಯೂಸ್ ಅವರಿಗೆ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಪ್ರಾಧ್ಯಾಪಕ ಪೀಠವನ್ನೇ ಕೊಟ್ಟರು. ಮರುವರ್ಷ ಆಕ್ಸ್‌ಫರ್ಡಿನಿಂದ ಫಿಲಿಪ್ ವಾಡ್ಲರ್ ಬಂದರು. 1990ರ ಹೊತ್ತಿಗೆ ಪೇಟನ್ ಜೋನ್ಸ್ ಅವರೂ ಬಂದು ಸೇರಿದರು. ಗ್ರಿಪ್ ಯಂತ್ರವೂ ಅವರ ಹಿಂದೆಯೇ ಬಂದಿತು. ಮೂವರೂ ಅವಧಿಯ ಹಂಗಿಲ್ಲದ ಹುದ್ದೆಗಳಲ್ಲಿ ಒಂದೇ ಛಾವಣಿಯ ಕೆಳಗೆ ಕುಳಿತುದು ಸಾಮಾನ್ಯವಾದ ಮಾತಲ್ಲ. 1987ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಮೇಲೆ ಹೇಳಿದ ಸಮ್ಮೇಳನವು ಮತ್ತೆ ಕೂಡಿದಾಗ, ಒಬ್ಬೊಬ್ಬರು ಒಂದೊಂದು ಭಾಷೆಯನ್ನು ಕಟ್ಟಿಕೊಂಡು ಕುಳಿತಿರುವುದಕ್ಕಿಂತ ಎಲ್ಲರೂ ಸೇರಿ ಒಂದನ್ನು ಕಟ್ಟುವುದು ಮೇಲೆಂದು ನಿಶ್ಚಯವಾಗಿದ್ದಿತು. ಅದರ ಫಲವಾದ ‘ಹ್ಯಾಸ್ಕೆಲ್’ ಭಾಷೆಯ ಮೊದಲ ವಿವರಣೆಯು 1990ರ ಏಪ್ರಿಲ್ 1ರಂದು ಪ್ರಕಟವಾಯಿತು. ಅದರ ಗ್ಲಾಸ್ಗೋ ಅನುವಾದಕ ತಂತ್ರದ ಮೊದಲ ಮಾದರಿಯನ್ನು 1989ರಲ್ಲಿ ಬರೆದವರು ಕೆವಿನ್ ಹ್ಯಾಮಂಡ್. ಆ ತಂತ್ರವು ಇಂದಿಗೂ ಬಳಕೆಯಲ್ಲಿದೆ. ಹೆಸರಿನಲ್ಲಿ ಗ್ಲಾಸ್ಗೋ ಊರು ಹಾಗೆಯೇ ಉಳಿದಿದೆ. 2006ರ ಹೊತ್ತಿಗೆ, ಮನೆಮನೆಯ ಕಂಪ್ಯೂಟರಿನಲ್ಲಿಯೂ ಎರಡು ನಾಲ್ಕು ಗಣನಾಂಗಗಳು ಕಾಣಿಸಿಕೊಳ್ಳತೊಡಗಿದಾಗ, ಅದು ಅವನ್ನೆಲ್ಲ ಒಟ್ಟಿಗೆ ದುಡಿಸಲು ಕಲಿತಿದ್ದಿತು.

ಅಮೆರಿಕದ ಕಥೆಯಲ್ಲಿ ನಮ್ಮ ದೇಶದವರೊಬ್ಬರು ಮುಂದಾಳಾಗಿರುವುದರಿಂದ ಅದನ್ನೂ ಸ್ವಲ್ಪ ಹೇಳದಿರಲಾಗದು. ಅರವಿಂದ್ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧರಾದವರು ಕಾನ್‌ಪುರದ ಐಐಟಿಯಲ್ಲಿ 1969ರಲ್ಲಿ ಪದವಿಯನ್ನು ಪಡೆದು, ಮಿನೆಸೋಟಾದಲ್ಲಿ ಡಾಕ್ಟರೇಟ್ ಮುಗಿಸಿ, ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಕಿಮ್ ಗೋಸ್ಟೆಲೋ ಅವರೊಡನೆ ಡೇಟಾಫ್ಲೋ ಮಾರ್ಗವನ್ನು ಹಿಡಿದು, ಅನಂತರ ಎಂಐಟಿಯನ್ನು ಸೇರಿದರು. ಅಲ್ಲಿ ಅವರ ಸುತ್ತ ನೆರೆದವರಲ್ಲಿ ಕಾನ್‌ಪುರದಲ್ಲಿಯೇ ಓದಿದ ರಿಷಿಯೂರ್ ನಿಖಿಲ್ ಒಬ್ಬರು. ‘ಮಾನ್ಸೂನ್’ ಎಂಬ ಯಂತ್ರವನ್ನು ರೂಪಿಸಿದ ಗ್ರೆಗ್ ಪಾಪಡೋಪೌಲಸ್ ಮತ್ತೊಬ್ಬರು. ಯಂತ್ರಕ್ಕೆ ನಮ್ಮ ಮಳೆಗಾಲದ ಹೆಸರಿದ್ದುದನ್ನು ಕಂಡರೆ ಯಾರಿಗಾದರೂ ಸಂತೋಷವಾಗದಿರದು. ಅದನ್ನು ಮೋಟೊರೋಲಾ ಕಂಪೆನಿಯ ನೆರವಿನಿಂದ ಕಟ್ಟಿದರು. ಅದೂ ತನ್ನ ಸರದಿ ಬಂದಾಗ ನಿಂತುಹೋಯಿತು. ಆದರೆ ಅರವಿಂದರ ಬಳಗವು ಚೆದರಲಿಲ್ಲ. ಅವರು 2000ದಲ್ಲಿ ಆರಂಭಿಸಿದ ಸ್ಯಾಂಡ್‌ಬರ್ಸ್ಟ್ ಕಂಪೆನಿಗೆ, ಸ್ವೀಡನ್ನಿನಲ್ಲಿ ಇದೇ ವಿದ್ಯೆಯನ್ನು ಬೆಳೆಸಿದ ಲೆನಾರ್ಟ್ ಆಗಸ್ಟ್‌ಸನ್ ಬಂದು ಸೇರಿದರು. ಯಂತ್ರಾಂಗಗಳ ನಕ್ಷೆಯನ್ನೇ ಹ್ಯಾಸ್ಕೆಲ್ ಮಾದರಿಯಲ್ಲಿ ಬರೆಯಬಹುದಾದ ‘ಬ್ಲೂಸ್ಪೆಕ್’ ಎಂಬ ಭಾಷೆಯು ಹೀಗೆ ಹುಟ್ಟಿತು. ಅದರ ಹೆಸರಿನ ಕಂಪೆನಿಯು 2003ರಲ್ಲಿ ಸ್ಥಾಪಿತವಾಯಿತು. ಫಂಕ್ಷನಲ್ ಭಾಷೆಗಾಗಿ ಯಂತ್ರವನ್ನು ಕಟ್ಟಹೊರಟವರು ಕಡೆಗೆ ಯಂತ್ರವನ್ನು ಕಟ್ಟಲು ಆ ಭಾಷೆಯನ್ನೇ ಉಪಕರಣವನ್ನಾಗಿ ಮಾಡಿಕೊಂಡರು.

ಅರವಿಂದರು 2024ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಮದರಾಸಿನ ಐಐಟಿಯವರು ‘ಶಕ್ತಿ’ ಎಂಬ ಹೆಸರಿನಲ್ಲಿ ನಿರ್ಮಿಸಿದ ಗಣನಾಂಗಗಳ ನಕ್ಷೆಯು ಬ್ಲೂಸ್ಪೆಕ್ ಭಾಷೆಯಲ್ಲಿಯೇ ಬರೆಯಲ್ಪಟ್ಟಿದೆ.