ನಾಯಿಯ ನಾಲಗೆ ಕಪ್ಪಾದಾಗ: ಜೀವಸತ್ವಗಳ ಚರಿತ್ರೆಯ ಕೆಲವು ಪುಟಗಳು

ನಾಯಿಗೂ ಮನುಷ್ಯನಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲೊಲ್ಲೆನೆಂದ ಧರ್ಮರಾಯನ ಕಥೆಯನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳಿ ಬೆಳೆದವರು. ಆದರೂ ಊರಿನಲ್ಲಿದ್ದಾಗ ನಾಯಿಯೆಂದರೆ ನಮಗೆ ಅಂಗಳದ ಪ್ರಾಣಿ. ಮಿಕ್ಕ ಅನ್ನ, ಮುದ್ದೆಯ ತುಣುಕು, ಒಣಗಿದ ರೊಟ್ಟಿ, ಇಷ್ಟೇ ಅದರ ಪಾಲು. ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ ಮಕ್ಕಳ ಹಟಕ್ಕೆ ಮಣಿದು ನಮ್ಮಲ್ಲಿ ಎಷ್ಟೋ ಮಂದಿ ನಾಯಿ ಸಾಕಿದ್ದೇವೆ. ಅಂಗಡಿಯಲ್ಲಿ ನಾಯಿಗಳ ವಿಟಮಿನ್ ಮಾತ್ರೆಗಳ ಸಾಲನ್ನು ಕಂಡಾಗ "ನಾಯಿಗೂ ವಿಟಮಿನ್ನೇ?" ಎಂದು ನಗು ಬರುವುದೂ ಸಹಜ.

ಆದರೆ ಚರಿತ್ರೆಯ ಪುಟಗಳನ್ನು ತಿರುವಿದರೆ ಈ ನಗು ಮಾಯವಾಗುತ್ತದೆ. ನಾವು ಕೊಳ್ಳುವ ಹಾಲಿನ ಡಬ್ಬದ ಮೇಲೆ 'ವಿಟಮಿನ್ ಡಿ' ಎಂದೂ, ಬ್ರೆಡ್ಡಿನ ಪೊಟ್ಟಣದ ಮೇಲೆ 'ನಯಾಸಿನ್' ಎಂದೂ ಅಚ್ಚಾಗಿರುತ್ತದೆಯಲ್ಲವೆ? ಆ ಎರಡು ಪದಗಳ ಹಿಂದೆಯೂ ನಾಯಿಗಳಿವೆ. ನಾಯಿಗೆ ವಿಟಮಿನ್ ಬೇಕೆಂದು ಮನುಷ್ಯ ಹೇಳಿಕೊಡುವ ಮೊದಲೇ, ಮನುಷ್ಯನಿಗೆ ಏನು ಬೇಕೆಂಬುದನ್ನು ನಾಯಿ ತೋರಿಸಿಕೊಟ್ಟಿತ್ತು.

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ರೋಗವೆಂದರೆ ದೇಹಕ್ಕೆ ಯಾವುದೋ ಕೆಟ್ಟ ವಸ್ತು ಸೇರಿದ್ದರ ಫಲವೆಂದೇ ವೈದ್ಯರ ನಂಬಿಕೆಯಾಗಿತ್ತು. ಒಳ್ಳೆಯ ವಸ್ತುವೊಂದು ಸೇರದೆ ಹೋದದ್ದರಿಂದಲೂ ರೋಗ ಬರಬಹುದು ಎಂಬುದು ಹೊಸ ವಿಚಾರ. ಪೋಲೆಂಡಿನ ವಿಜ್ಞಾನಿ ಕ್ಯಾಸಿಮಿರ್ ಫುಂಕ್ 1912ರಲ್ಲಿ ಇಂಥ ವಸ್ತುಗಳಿಗೆ 'ವಿಟಮೈನ್' ಎಂದು ಹೆಸರಿಟ್ಟ. ಯಾವ ರೋಗಕ್ಕೆ ಯಾವ ವಸ್ತುವಿನ ಕೊರತೆ ಕಾರಣವೆಂದು ತಿಳಿಯಲು, ಅದೇ ರೋಗ ಬರುವ ಪ್ರಾಣಿಯೊಂದು ಬೇಕಿತ್ತು. ಬೆರಿಬೆರಿಗೆ ಕೋಳಿ ದೊರೆಯಿತು, ಸ್ಕರ್ವಿಗೆ ಗಿನಿಯಿಲಿ ದೊರೆಯಿತು. ಸ್ಕರ್ವಿಯ ವಿಷಯದಲ್ಲಿ ನಾಯಿ ಪ್ರಯೋಜನಕ್ಕೆ ಬರಲಿಲ್ಲ. ಏಕೆಂದರೆ ನಾಯಿಯ ಯಕೃತ್ತು 'ಸಿ' ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಇನ್ನೆರಡು ರೋಗಗಳಲ್ಲಿ ನಾಯಿಯೇ ದಾರಿ ತೋರಿತು.

ಮೊದಲನೆಯದು ರಿಕೆಟ್ಸ್. ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುವ ಈ ರೋಗ ಯೂರೋಪಿನ ಹೊಗೆ ಮುಸುಕಿದ ಕೈಗಾರಿಕಾ ನಗರಗಳಲ್ಲಿ ಮನೆಮಾತಾಗಿತ್ತು. ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ಎಂಬ ವೈದ್ಯ 1914ರಲ್ಲಿ ಇದರ ಅಧ್ಯಯನಕ್ಕೆ ತೊಡಗಿ, ನಾಯಿಮರಿಗಳನ್ನು ಮನೆಯೊಳಗೇ ಇಟ್ಟು ಬ್ರೆಡ್ಡು, ಓಟ್ಸ್ ಗಂಜಿ, ಸ್ವಲ್ಪ ಹಾಲು ಮೊದಲಾದವನ್ನು ಕೊಟ್ಟು ಬೆಳೆಸಿದ. ಅವು ಬಡವರ ಮಕ್ಕಳ ಆಹಾರವೇ. ಮರಿಗಳ ಕಾಲು ಬಾಗಿತು. ಕಾಡ್ ಮೀನಿನ ಯಕೃತ್ತಿನ ಎಣ್ಣೆ, ಅಂದರೆ ಕಾಡ್ ಲಿವರ್ ಆಯಿಲ್, ಕೊಟ್ಟಾಗ ರೋಗ ತಡೆಯಿತು. 1919ರಲ್ಲಿ ಇದನ್ನು ಪ್ರಕಟಿಸಿದಾಗ, ಆಗತಾನೆ ಗೊತ್ತಾಗಿದ್ದ 'ಎ' ಜೀವಸತ್ವವೇ ಇದಕ್ಕೆ ಕಾರಣವಿರಬಹುದೆಂದು ಅವನು ಊಹಿಸಿದ. ಬಾಲ್ಟಿಮೋರಿನ ಎಲ್ಮರ್ ಮೆಕಾಲಂ ಅದೇ ಎಣ್ಣೆಯನ್ನು ಕಾಯಿಸಿ, ಅದರೊಳಗೆ ಗಾಳಿ ಹಾಯಿಸಿ 'ಎ' ಜೀವಸತ್ವವನ್ನು ನಾಶಮಾಡಿದ. ಆದರೂ ಎಣ್ಣೆ ರಿಕೆಟ್ಸನ್ನು ಗುಣಪಡಿಸಿತು! ಅದರಲ್ಲಿದ್ದ ಬೇರೊಂದು ವಸ್ತುವಿಗೆ 1922ರಲ್ಲಿ 'ವಿಟಮಿನ್ ಡಿ' ಎಂಬ ಹೆಸರು ಬಂತು. 1930ರ ದಶಕದಲ್ಲಿ ಅಮೆರಿಕದ ಹಾಲಿಗೆ ಅದನ್ನು ಬೆರೆಸತೊಡಗಿದರು.

ಇಲ್ಲಿ ಒಂದು ಸ್ವಾರಸ್ಯವಿದೆ. ಮನುಷ್ಯನ ಚರ್ಮಕ್ಕೆ ಬಿಸಿಲು ಬಿದ್ದರೆ 'ಡಿ' ತಾನಾಗಿ ಹುಟ್ಟುತ್ತದೆ. ನಾಯಿಯ ಚರ್ಮದಲ್ಲಿ ಅದು ಸಾಕಷ್ಟು ಹುಟ್ಟುವುದಿಲ್ಲವೆಂದು 1994ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಷ್ಟೇ ಬಿಸಿಲು ಕಾಯಿಸಿದರೂ ನಾಯಿಗೆ 'ಡಿ' ಆಹಾರದಿಂದಲೇ ಬರಬೇಕು. ಆಹಾರದ ದೋಷ ನಾಯಿಮರಿಯಲ್ಲಿ ಅಷ್ಟು ಸ್ಪಷ್ಟವಾಗಿ ಕಂಡುಬಂದುದಕ್ಕೆ ಇದೂ ಒಂದು ಕಾರಣ.

ಎರಡನೆಯ ಕಥೆ ನಾವು ನೆಲೆಸಿರುವ ಈ ದೇಶದ್ದೇ, ಮೊದಲಿನದಕ್ಕಿಂತ ದಾರುಣವಾದದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಎಂಬ ರೋಗ ಹಬ್ಬಿತು. ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತೆ ಕಪ್ಪಾಗುವುದು, ಬಾಯಿ ಹುಣ್ಣಾಗುವುದು, ಭೇದಿ, ಬುದ್ಧಿಭ್ರಮೆ, ಕೊನೆಗೆ ಸಾವು. ಹತ್ತಿ ಬೆಳೆಯುವ ಗೇಣಿದಾರರು, ಗಿರಣಿ ಕೂಲಿಗಳು, ಅನಾಥಾಲಯದ ಮಕ್ಕಳು ಇದಕ್ಕೆ ತುತ್ತಾದರು. ಸುಮಾರು ನಾಲ್ಕು ದಶಕಗಳಲ್ಲಿ 30 ಲಕ್ಷ ಜನರಿಗೆ ರೋಗ ತಗಲಿ 1 ಲಕ್ಷ ಜನ ಸತ್ತರೆಂದು ಅಂದಾಜು. ಇದು ಅಂಟುರೋಗವೆಂದೇ ಎಲ್ಲರ ಭಾವನೆಯಾಗಿತ್ತು.

1914ರಲ್ಲಿ ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆ ಡಾ. ಜೋಸೆಫ್ ಗೋಲ್ಡ್‌ಬರ್ಗರ್‌ನನ್ನು ದಕ್ಷಿಣಕ್ಕೆ ಕಳುಹಿಸಿತು. ಅವನೂ ನಮ್ಮಂತೆ ಪರದೇಶದಿಂದ ಬಂದವನೇ. ಆಗಿನ ಹಂಗೆರಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ನ್ಯೂಯಾರ್ಕಿಗೆ ಬಂದಿದ್ದ ಯಹೂದಿ. ಹುಚ್ಚಾಸ್ಪತ್ರೆಗಳಲ್ಲೂ ಅನಾಥಾಲಯಗಳಲ್ಲೂ ಅವನ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: ಒಳಗಿರುವವರಿಗೆ ರೋಗ, ಅವರ ಮಧ್ಯೆಯೇ ಓಡಾಡುವ ದಾದಿಯರಿಗೂ ನೌಕರರಿಗೂ ರೋಗವಿಲ್ಲ. ಅಂಟುರೋಗವಾದರೆ ಹೀಗೆ ಆಳು ನೋಡಿ ಅಂಟೀತೆ? ಬೇರೆಯಾಗಿದ್ದುದು ತಟ್ಟೆ. ಬಡವರ ತಟ್ಟೆಯಲ್ಲಿದ್ದುದು ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು. ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದಾಗ ರೋಗ ಮಾಯವಾಯಿತು. 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆಯೊಂದರಲ್ಲಿ, ಬಿಡುಗಡೆಯ ಆಶ್ವಾಸನೆಯ ಮೇಲೆ ಒಪ್ಪಿದ ಕೈದಿಗಳಿಗೆ ಬಡವರ ಊಟವನ್ನೇ ಕೊಟ್ಟಾಗ 11 ಮಂದಿಯಲ್ಲಿ 6 ಮಂದಿಗೆ ರೋಗ ಬಂತು. ಇಷ್ಟಾದರೂ ನಂಬದವರಿಗಾಗಿ ಗೋಲ್ಡ್‌ಬರ್ಗರ್ ತಾನೂ ಜೊತೆಗಾರರೂ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ಅವರ ಚರ್ಮದ ಹೊಟ್ಟನ್ನೂ ಮಲಮೂತ್ರವನ್ನೂ ಹಿಟ್ಟಿನಲ್ಲಿ ಬೆರೆಸಿ ನುಂಗಿದರು. ಅವನ ಹೆಂಡತಿ ಮೇರಿಯೂ ರಕ್ತ ಚುಚ್ಚಿಸಿಕೊಂಡಳು. ಯಾರಿಗೂ ರೋಗ ಬರಲಿಲ್ಲ.

ರೋಗದ ಮೂಲ ಊಟದಲ್ಲಿದೆ, ಊಟದ ಮೂಲ ಬಡತನದಲ್ಲಿದೆ ಎಂಬ ಮಾತು ದೊಡ್ಡವರಿಗೆ ರುಚಿಸಲಿಲ್ಲ. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ನೆರವಿನ ಮಾತೆತ್ತಿದಾಗ, ನಮ್ಮ ನಾಡಿನಲ್ಲಿ ಹಸಿವಿದೆಯೆಂದು ಹೇಳಿ ಅವಮಾನ ಮಾಡುತ್ತಿದ್ದಾರೆಂದು ದಕ್ಷಿಣದ ಅನೇಕ ಮುಖಂಡರು ಸಿಟ್ಟಾದರು.

ಊಟದಲ್ಲಿ ಕೊರತೆಯಾದ ಆ ವಸ್ತು ಯಾವುದು? ಇದಕ್ಕೆ ಉತ್ತರ ನಾಯಿಯ ಬಾಯಲ್ಲಿತ್ತು. ಪೆಲಾಗ್ರವಿದ್ದ ಕಡೆಗಳಲ್ಲೇ ನಾಯಿಗಳಿಗೆ 'ಕಪ್ಪು ನಾಲಗೆ' ಎಂಬ ರೋಗ ಬರುತ್ತಿತ್ತು. ಬಾಯಿ ಕೆಂಪಾಗಿ ಹುಣ್ಣಾಗಿ, ನಾಲಗೆ ಕಪ್ಪಾಗಿ, ಜೊಲ್ಲು ಸುರಿಸುತ್ತ, ಅನ್ನ ಮುಟ್ಟದೆ ನಾಯಿ ಸಾಯುತ್ತಿತ್ತು. ಉತ್ತರ ಕ್ಯಾರೊಲೈನಾದ ಪಶುವೈದ್ಯ ಟಿ. ಎನ್. ಸ್ಪೆನ್ಸರ್ 1916ರಲ್ಲೇ ಇದು ನಾಯಿಯ ಪೆಲಾಗ್ರವಿರಬಹುದೇ ಎಂದು ಕೇಳಿದ್ದ. ಯೋಚಿಸಿದರೆ ಆಶ್ಚರ್ಯವೇನಿಲ್ಲ. ಬಡವನ ಮನೆಯ ನಾಯಿ ಬಡವನ ಎಂಜಲನ್ನೇ ತಿಂದು ಬದುಕುತ್ತದೆ. ಒಡೆಯನ ತಟ್ಟೆಯಲ್ಲಿಲ್ಲದ್ದು ಅದರ ಬಾಯಿಗೆ ಎಲ್ಲಿಂದ ಬರಬೇಕು?

ಗೋಲ್ಡ್‌ಬರ್ಗರ್ ನಾಯಿಗಳಿಗೆ ಪೆಲಾಗ್ರ ತರುವ ಊಟ ಹಾಕಿ ಪರೀಕ್ಷೆ ಆರಂಭಿಸಿದ. ಆ ಊಟವನ್ನು ನಾಯಿಗಳು ತಿನ್ನಲೊಲ್ಲವಾದಾಗ ಹಸಿವೆ ಹೆಚ್ಚಲೆಂದು ಸ್ವಲ್ಪ ಯೀಸ್ಟ್ ಬೆರೆಸಲಾಯಿತು. ಈಗ ನಾಯಿಗಳು ತಿಂದವು, ಆದರೆ ರೋಗವೇ ಬರಲಿಲ್ಲ! ಯೀಸ್ಟೇ ಮದ್ದೆಂದು ಹೀಗೆ ತಿಳಿಯಿತು. ಮಾಂಸ, ಹಾಲುಗಳಿಗಿಂತ ಅಗ್ಗವಾದ ಮದ್ದು. 1927ರಲ್ಲಿ ಮಿಸಿಸಿಪ್ಪಿ ನದಿಯ ಮಹಾಪ್ರವಾಹದಲ್ಲಿ ಮನೆಮಠ ಕಳೆದುಕೊಂಡವರಲ್ಲಿ ಪೆಲಾಗ್ರ ಹೆಚ್ಚಿದಾಗ ರೆಡ್‌ಕ್ರಾಸ್ ಸಂಸ್ಥೆ ಯೀಸ್ಟನ್ನು ಹಂಚಿತು. ಆದರೆ ಯೀಸ್ಟಿನೊಳಗಿನ ಆ ವಸ್ತು ಯಾವುದೆಂದು ತಿಳಿಯುವ ಮುನ್ನವೇ, 1929ರ ಜನವರಿಯಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡ.

1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹೆಮ್ ಮತ್ತು ಸಂಗಡಿಗರು ಕಪ್ಪು ನಾಲಗೆಯ ನಾಯಿಗೆ ನಿಕೋಟಿನಿಕ್ ಆಮ್ಲವನ್ನು ಕೊಟ್ಟರು. ಸಾಯುವಂತಿದ್ದ ನಾಯಿ ಚೇತರಿಸಿಕೊಂಡು ತಿನ್ನತೊಡಗಿತು. ಸ್ವಲ್ಪ ಕಾಲದಲ್ಲೇ ಮನುಷ್ಯರಿಗೂ ಅದೇ ಔಷಧಿ ಫಲಿಸಿತು. ವಿಚಿತ್ರವೆಂದರೆ ಈ ಆಮ್ಲ ಹೊಸದೇನಲ್ಲ. ಹಿಂದಿನ ಶತಮಾನದಿಂದಲೇ ರಸಾಯನಶಾಸ್ತ್ರಜ್ಞರಿಗೆ ಪರಿಚಿತವಾಗಿತ್ತು. ಫುಂಕ್‌ನೂ ಅದನ್ನು ಅಕ್ಕಿತೌಡಿನಿಂದ ಬೇರ್ಪಡಿಸಿದ್ದ. ಬೆರಿಬೆರಿ ವಾಸಿಮಾಡದ್ದರಿಂದ ಪಕ್ಕಕ್ಕಿಟ್ಟಿದ್ದ. ಹೊಗೆಸೊಪ್ಪಿನ ನಿಕೋಟಿನ್ ಜೊತೆ ಜನ ಗೊಂದಲ ಮಾಡಿಕೊಳ್ಳಬಾರದೆಂದು ಮುಂದೆ ಇದಕ್ಕೆ 'ನಯಾಸಿನ್' ಎಂದು ಹೆಸರಿಟ್ಟರು. 1940ರ ದಶಕದಲ್ಲಿ ಅದನ್ನು ಬ್ರೆಡ್ಡಿನ ಹಿಟ್ಟಿಗೆ ಸೇರಿಸಿದರು. ಜನರ ಊಟವೂ ಸುಧಾರಿಸಿತು. ಪೆಲಾಗ್ರ ಈ ದೇಶದಿಂದ ಬಹುಮಟ್ಟಿಗೆ ಮರೆಯಾಯಿತು.

ಅಂದಹಾಗೆ, ಮೆಕ್ಕೆಜೋಳದ ತವರಾದ ಮೆಕ್ಸಿಕೋದ ಮೂಲನಿವಾಸಿಗಳನ್ನು ಈ ರೋಗ ಇಷ್ಟಾಗಿ ಕಾಡಲಿಲ್ಲ. ಅವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು. ಕಾಳಿನಲ್ಲಿ ಅಡಗಿದ್ದ ನಯಾಸಿನ್ ಅದರಿಂದ ಬಿಡುಗಡೆಯಾಗುತ್ತಿತ್ತು. ಧಾನ್ಯ ಕಡಲು ದಾಟಿತು, ಸುಣ್ಣದ ಸಂಪ್ರದಾಯ ದಾಟಲಿಲ್ಲ.

ಈ ಕಥೆಯ ಒಂದು ಎಳೆ ನಮ್ಮ ದಖನ್ನಿನ ನೆಲಕ್ಕೂ ಬರುತ್ತದೆ. ಹೈದರಾಬಾದಿನ ಸುತ್ತಿನ ಬಡ ಕೂಲಿಗಳಲ್ಲಿ ಪೆಲಾಗ್ರ ಕಾಣಿಸುತ್ತಿತ್ತು. ಆದರೆ ಅವರು ತಿನ್ನುತ್ತಿದ್ದುದು ಮೆಕ್ಕೆಜೋಳವಲ್ಲ, ನಮ್ಮ ರೊಟ್ಟಿಯ ಜೋಳ. ಅಲ್ಲಿನ ಪೌಷ್ಟಿಕ ಆಹಾರ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಿರಬಹುದೆಂದು ಸೂಚಿಸಿದರು. 1965ರಲ್ಲಿ ಬೆಳವಾಡಿ ಮತ್ತು ಗೋಪಾಲನ್ ಅವರು ಜೋಳದ ಆಹಾರ ಕೊಟ್ಟ ನಾಯಿಗಳಲ್ಲಿ ಅದೇ ಕಪ್ಪು ನಾಲಗೆ ಬಂದುದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಲ್ಯೂಸಿನ್ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲವೆಂಬುದು ನಿಜ. ಹಾಗೆಂದು ಉತ್ತರ ಕರ್ನಾಟಕದ ಬಂಧುಗಳು ಗಾಬರಿಯಾಗಬೇಕಿಲ್ಲ! ರೊಟ್ಟಿಯ ಜೊತೆ ಕಾಳುಪಲ್ಯ, ಮೊಸರು, ನಯಾಸಿನ್ ತುಂಬಿದ ಶೇಂಗಾ ಚಟ್ನಿ ಇದ್ದರೆ ಭಯವಿಲ್ಲ. ರೋಗ ಬಂದದ್ದು ಜೋಳವನ್ನು ಬಿಟ್ಟು ಬೇರೇನೂ ಸಿಗದವರಿಗೆ.

ಇನ್ನು ನಮ್ಮ ಮನೆಯ ನಾಯಿಯ ತಟ್ಟೆಯ ವಿಚಾರ. ನಾವು ಪ್ರೀತಿಯಿಂದ ದಿನವೂ ಬರಿಯ ಮೊಸರನ್ನವನ್ನೇ ಹಾಕಿದರೆ ಅದು ಪೂರ್ಣ ಆಹಾರವಾಗದು. ನಾಯಿಗೆ 'ಎ', 'ಡಿ', 'ಇ' ಜೀವಸತ್ವಗಳೂ, ನಯಾಸಿನ್ನೂ ಸೇರಿದಂತೆ 'ಬಿ' ಗುಂಪಿನವೂ ಆಹಾರದಿಂದಲೇ ದೊರೆಯಬೇಕು. 'ಕಂಪ್ಲೀಟ್ ಅಂಡ್ ಬ್ಯಾಲನ್ಸ್ಡ್' ಎಂದು ಅಚ್ಚಾದ ಆಹಾರದಲ್ಲಿ ಇವನ್ನೆಲ್ಲ ಅಳತೆಯಲ್ಲಿ ಸೇರಿಸಿರುತ್ತಾರೆ. ಮನೆಯ ಅಡಿಗೆಯನ್ನೇ ಹಾಕಬೇಕೆನ್ನುವವರು, ಅದರಲ್ಲೂ ಸಸ್ಯಾಹಾರಿಗಳು, ಪಶುವೈದ್ಯರನ್ನು ಕೇಳಿ ಪಟ್ಟಿ ಮಾಡಿಸಿಕೊಳ್ಳುವುದು ಲೇಸು.

ಹೆಚ್ಚಾದರೂ ಅಪಾಯವೇ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 'ಡಿ' ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. 2018–19ರಲ್ಲಿ ಈ ದೇಶದಲ್ಲೇ 'ಡಿ' ಅತಿಯಾಗಿದ್ದ ಹಲವು ನಾಯಿ ಆಹಾರಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಸಮತೋಲದ ಆಹಾರ ತಿನ್ನುವ ಆರೋಗ್ಯವಂತ ನಾಯಿಗೆ ಮೇಲೊಂದು ಮಾತ್ರೆ ಸಾಮಾನ್ಯವಾಗಿ ಬೇಕಿಲ್ಲ. ನಮ್ಮ ವಿಟಮಿನ್ ಮಾತ್ರೆಗಳನ್ನಂತೂ ಕೊಡಲೇಬಾರದು. ಅಗಿಯುವ ಕೆಲವು ಮಾತ್ರೆಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮದು. ಆ ಊಟವನ್ನು ಬಲ್ಲವರಾಗಲು ನಮಗೆ ನೆರವಾದ ನಾಯಿಗಳಲ್ಲಿ ಅನೇಕವು ಪ್ರಯೋಗಶಾಲೆಗಳಲ್ಲೇ ಸತ್ತವು. ಅವನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಬಿಡುಗಡೆಯ ಆಶ್ವಾಸನೆಯೂ ಅವಕ್ಕಿರಲಿಲ್ಲ. ಆ ಋಣವನ್ನು ತೀರಿಸಲು ನಮ್ಮಿಂದಾಗುವುದು ಸ್ವಲ್ಪವೇ: ನಮ್ಮ ಮನೆಯ ನಾಯಿಯ ತಟ್ಟೆಗೆ ಹೊಟ್ಟೆ ತುಂಬಿಸುವುದನ್ನಷ್ಟೇ ಅಲ್ಲ, ಅದಕ್ಕೆ ಬೇಕಾದುದನ್ನು ತಿಳಿದು ಹಾಕೋಣ.