ಸರೋವರಗಳ ನಾಡಿನಲ್ಲಿ ಶ್ರೀರಂಗಪಟ್ಟಣದ ನೆನಪು

ಸ್ಕಾಟ್‌ಲೆಂಡಿನ ಉತ್ತರದ ಮಲೆಸೀಮೆಗೆ ಹೈಲ್ಯಾಂಡ್ಸ್ ಎಂದು ಹೆಸರು. ಗ್ಲಾಸ್ಗೋ ನಗರವನ್ನು ಹಿಂದೆ ಬಿಟ್ಟು, ಲೋಮಂಡ್ ಸರೋವರದ ದಂಡೆಗುಂಟ ನಮ್ಮ ಬಸ್ಸು ಉತ್ತರಕ್ಕೆ ಹೊರಟ ಕೂಡಲೇ ಅಲ್ಲಿಯವರೆಗೆ ನಡೆದಿದ್ದ ಮಾತುಕತೆಯೆಲ್ಲ ತಾನಾಗಿ ನಿಂತಿತು. ಒಂದು ಕಡೆ ತಿಳಿಯಾದ ನೀರು, ಇನ್ನೊಂದು ಕಡೆ ಮಂಜು ಮುಸುಕಿದ ಬೆಟ್ಟ. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಸರೋವರಕ್ಕೆ 'ಲಾಖ್' ಎನ್ನುತ್ತಾರೆ, ಕಣಿವೆಗೆ 'ಗ್ಲೆನ್'. ಒಂದು ಲಾಖ್ ಮುಗಿಯಿತೆನ್ನುವಷ್ಟರಲ್ಲಿ ಮತ್ತೊಂದು ಕಾಣಿಸಿಕೊಳ್ಳುತ್ತದೆ.

ಕೊಡಗನ್ನೂ ಬಾಬಾಬುಡನ್‌ಗಿರಿಯನ್ನೂ ಕಂಡ ನಮಗೆ ಬೆಟ್ಟಗಳು ಹೊಸತಲ್ಲ. ಆದರೆ ಇಲ್ಲಿನ ಬೆಟ್ಟಗಳಲ್ಲಿ ಮೈಲಿಗಟ್ಟಲೆ ಹೋದರೂ ಒಂದು ಊರು ಸಿಗುವುದಿಲ್ಲ. ಅಲ್ಲೊಂದು ಇಲ್ಲೊಂದು ಗೋಡೆಯ ಅವಶೇಷ, ಅದರ ಸುತ್ತ ಮೇಯುವ ಕುರಿಗಳು. "ಇಷ್ಟು ನೀರಿದ್ದೂ ಜನ ಯಾಕಿಲ್ಲ?" ಎಂದು ನಮ್ಮಲ್ಲೊಬ್ಬರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ನಾವು ನಮ್ಮ ಶ್ರೀರಂಗಪಟ್ಟಣಕ್ಕೇ ಬಂದು ಮುಟ್ಟಿದೆವು.

ಹಿಂದೆ ಈ ಕಣಿವೆಗಳಲ್ಲಿ ಕುಲಗಳು ಬಾಳುತ್ತಿದ್ದವು. ಒಂದೊಂದು ಕುಲಕ್ಕೂ ಒಬ್ಬ ನಾಯಕ. ನಮ್ಮ ಪಾಳೆಯಗಾರರಂತೆ, ಕರೆದಾಗ ಕತ್ತಿ ಹಿಡಿದು ಬರುವ ಜನ ಎಷ್ಟಿದ್ದಾರೆ ಎಂಬುದರಿಂದಲೇ ಅವನ ಹಿರಿಮೆ. ಇಂಥ ನಾಯಕರನ್ನು ಹದ್ದಿನಲ್ಲಿಡುವುದು ಅರಸರಿಗೆ ಸುಲಭವಾಗಿರಲಿಲ್ಲ. ಗ್ಲೆಂಕೋ ಕಣಿವೆಯಲ್ಲಿ ಬಸ್ಸು ನಿಂತಾಗ ಅದರ ಕಥೆ ಕೇಳಿದೆವು. ಅಲ್ಲಿಯ ಮ್ಯಾಕ್‌ಡೊನಾಲ್ಡ್ ಕುಲದ ನಾಯಕ ರಾಜನಿಷ್ಠೆಯ ಪ್ರಮಾಣ ಮಾಡುವುದು ಕೆಲವು ದಿನ ತಡವಾಯಿತು. ಅದೇ ನೆಪವಾಗಿ, 1692ರ ಫೆಬ್ರವರಿ 13ರ ಬೆಳಗಿನ ಜಾವ, ಹನ್ನೆರಡು ದಿನಗಳಿಂದ ಅವರ ಮನೆಗಳಲ್ಲೇ ಉಂಡು ಮಲಗಿದ್ದ ಸಿಪಾಯಿಗಳು ಎದ್ದು ಸುಮಾರು 38 ಮಂದಿಯನ್ನು ಕೊಂದರು. ತಪ್ಪಿಸಿಕೊಂಡವರಲ್ಲೂ ಹಲವರು ಹಿಮದಲ್ಲಿ ಸತ್ತರು. ಉಂಡ ಮನೆಗೆ ಎರಡು ಬಗೆದ ಈ ಪಾಪವನ್ನು ಹೈಲ್ಯಾಂಡಿನವರು ಇಂದಿಗೂ ಮರೆತಿಲ್ಲ.

ಅದೇ ವರ್ಷ ಮತ್ತೊಂದು ಘಟನೆಯೂ ನಡೆಯಿತು. ನೆಸ್ ಸರೋವರ ಸುಮಾರು 37 ಕಿಲೋಮೀಟರ್ ಉದ್ದ, 230 ಮೀಟರ್ ಆಳ. ಅದರ ಪಶ್ಚಿಮ ದಂಡೆಯ ಮೇಲೆ ಅರ್ಕರ್ಟ್ ಕೋಟೆಯಿದೆ. ಶತ್ರುಗಳ ಕೈಗೆ ಸಿಕ್ಕಬಾರದೆಂದು ಕಾವಲಿನ ಸೈನಿಕರೇ ಹೊರಡುವಾಗ ಅದನ್ನು ಮದ್ದಿಟ್ಟು ಒಡೆದರು. ಜನರೆಲ್ಲ ಸರೋವರದಲ್ಲಿದೆ ಎನ್ನಲಾಗುವ ವಿಚಿತ್ರ ಪ್ರಾಣಿಯನ್ನು ಹುಡುಕುತ್ತಿದ್ದರೆ, ನಾವು ಆ ಮುರುಕು ಗೋಪುರವನ್ನೇ ನೋಡುತ್ತ ನಿಂತೆವು.

ಕುಲಗಳ ಕಾಲ ಮುಗಿದದ್ದು ಇನ್‌ವರ್ನೆಸ್ ಪಟ್ಟಣದ ಬಳಿಯ ಕಲ್ಲೋಡನ್ ಬಯಲಿನಲ್ಲಿ. 1746ರ ಏಪ್ರಿಲ್ 16ರಂದು ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟೂವರ್ಟನ ಪರವಾಗಿ ಹೋರಾಡಿದ ಹೈಲ್ಯಾಂಡ್ ದಂಡು ಒಂದು ಗಂಟೆಯೊಳಗೆ ನುಚ್ಚುನೂರಾಯಿತು. ಗಾಯಾಳುಗಳನ್ನೂ ಗೆದ್ದವರು ಬಿಡಲಿಲ್ಲ. ಆಮೇಲೆ ಬಂದ ಕಾನೂನುಗಳು ಕತ್ತಿಗಿಂತ ಹರಿತವಾಗಿದ್ದವು. ನಾಯಕರ ವಂಶಪಾರಂಪರ್ಯ ನ್ಯಾಯಾಧಿಕಾರ ರದ್ದಾಯಿತು. ಚೌಕುಳಿಯ ಟಾರ್ಟನ್ ಬಟ್ಟೆ ಉಟ್ಟ ಗಂಡಸಿಗೆ ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಗಡಿಪಾರು. ಆ ಉಡುಪಿಗೆ ಅವಕಾಶವಿದ್ದದ್ದು ಒಂದೇ ಕಡೆ, ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ಪಡೆಗಳಲ್ಲಿ.

ಇಲ್ಲಿಂದಲೇ ಕಥೆ ನಮ್ಮ ನಾಡಿನ ಕಡೆ ತಿರುಗುತ್ತದೆ. ಆ ಬಂಡಾಯದಲ್ಲಿ ಭಾಗವಹಿಸಿ ಆಸ್ತಿ ಕಳೆದುಕೊಂಡ ಕ್ರಾಮರ್ಟಿ ಮನೆತನದ ಮಗ ಲಾರ್ಡ್ ಮ್ಯಾಕ್ಲಿಯಡ್ 1777ರಲ್ಲಿ, ಹಿಂದೆ ತಾನು ಯಾರ ವಿರುದ್ಧ ಎದ್ದಿದ್ದನೋ ಅದೇ ಸರಕಾರಕ್ಕಾಗಿ ಒಂದು ಪಡೆ ಕಟ್ಟಿದ. ಗೇಲಿಕ್ ಮಾತಾಡುವ ಆ ಹುಡುಗರು 1780ರಲ್ಲಿ ಮದರಾಸಿಗೆ ಬಂದಿಳಿದರು. ಅದೇ ವರ್ಷದ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೈಲಿಯ ದಂಡನ್ನು ಸುತ್ತುಗಟ್ಟಿ ಮುರಿಯಿತು. ಮ್ಯಾಕ್ಲಿಯಡ್ಡನ ಪಡೆಯ ಒಂದು ಭಾಗವೂ ಆ ದಂಡಿನಲ್ಲಿತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕೆಂಪಂಗಿಯ ಸೈನಿಕರ ಚೌಕ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬೈಲಿ. ಆ ವಿಲಿಯಂ ಬೈಲಿ, ನಾವು ನೆಸ್ ಸರೋವರದಿಂದ ಇನ್‌ವರ್ನೆಸ್ಸಿಗೆ ಬರುವಾಗ ದಾಟಿಬಂದ ಡನೇನ್ ಎಂಬಲ್ಲಿಯ ಮನೆತನದವನು! 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ.

ಅವನೊಡನೆ ಸೆರೆಸಿಕ್ಕಿದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಮೂರೂವರೆ ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ಕಳೆದು, 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟವರ ಮುಂದಾಳು ಇದೇ ಬೇರ್ಡ್. ಲಗ್ಗೆಯಲ್ಲಿ 73 ಮತ್ತು 74ನೆಯ ಹೈಲ್ಯಾಂಡ್ ಪಡೆಗಳಿದ್ದವು. ತಮ್ಮ ಕೋಟೆಗಳು ಬಿದ್ದ ಸೀಮೆಯಿಂದ ಬಂದವರು ನಮ್ಮ ಕೋಟೆಯನ್ನು ಕೆಡವಿದರು.

ಪೊಳ್ಳಿಲೂರಿನ ದಿನ ಬೈಲಿಯ ನೆರವಿಗೆ ಹೋಗಲಾರದೆ ಹಿಂದಿರುಗಿದ ಸೇನಾಪತಿ ಹೆಕ್ಟರ್ ಮನ್ರೋ ಕೂಡ ಹೈಲ್ಯಾಂಡಿನವನೇ. 1781ರಲ್ಲಿ ಡಚ್ಚರಿಂದ ನಾಗಪಟ್ಟಣವನ್ನು ಗೆದ್ದ ಅವನು, ಊರಿಗೆ ಮರಳಿ ಫೈರಿಶ್ ಬೆಟ್ಟದ ನೆತ್ತಿಯಲ್ಲಿ ನಾಗಪಟ್ಟಣದ ಬಾಗಿಲನ್ನು ಹೋಲುವ ಕಲ್ಲಿನ ಕಮಾನುಗಳನ್ನು ಕಟ್ಟಿಸಿದ. ಏದುಸಿರು ಬಿಡುತ್ತ ನಾವೂ ಹತ್ತಿ ನೋಡಿದೆವು. ಕೆಳಗೆ ಸಮುದ್ರದ ಹಿನ್ನೀರು, ಹಸಿರು ಹೊಲ. ಕಮಾನಿನೊಳಗೆ ಬರೀ ಗಾಳಿ. ಕೆಲಸವಿಲ್ಲದ ಜನರಿಗೆ ಕೂಲಿ ಕೊಡಲೆಂದು ಇದನ್ನು ಕಟ್ಟಿಸಿದನಂತೆ. ಕೂಲಿಯ ದಿನಗಳು ಹೆಚ್ಚಲಿ ಎಂದು, ಮೇಲೆ ಹೊತ್ತ ಕಲ್ಲುಗಳನ್ನು ರಾತ್ರಿ ಕೆಳಕ್ಕೆ ಉರುಳಿಸುತ್ತಿದ್ದನೆಂದು ಊರವರ ಪ್ರತೀತಿ.

ಜನರಿಗೆ ಕೆಲಸ ಯಾಕೆ ತಪ್ಪಿತು? ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಯುದ್ಧಕ್ಕೆ ಜನ ಬೇಡವಾದ ಮೇಲೆ ನಾಯಕ ಬರಿಯ ಜಮೀನುದಾರನಾದ. ಒಕ್ಕಲಿನ ಗೇಣಿಗಿಂತ ಕುರಿಯ ಉಣ್ಣೆಯಿಂದ ಹೆಚ್ಚು ಹಣ ಬರುತ್ತಿತ್ತು. 1792ರಲ್ಲಿ ರಾಸ್ ಸೀಮೆಯ ಜನ ಕುರಿಮಂದೆಗಳನ್ನೇ ಒಟ್ಟುಗೂಡಿಸಿ ಸೀಮೆಯಾಚೆ ಅಟ್ಟಲು ಹೊರಟರು. ಸೈನ್ಯ ಬಂದು ಅವರನ್ನು ಚದುರಿಸಿತು. ಗೇಲಿಕ್ ಜನ ಅದನ್ನು 'ಕುರಿಗಳ ವರ್ಷ' ಎಂದೇ ಕರೆದರು. ಸದರ್‌ಲೆಂಡ್ ಸೀಮೆಯ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ ಒಕ್ಕಲುಗಳನ್ನು ಹೊರಹಾಕಿ ಮನೆಗಳಿಗೆ ಬೆಂಕಿಯಿಟ್ಟರು. ಅದನ್ನು ನಡೆಸಿದ ಪ್ಯಾಟ್ರಿಕ್ ಸೆಲ್ಲರ್ 1816ರ ವಿಚಾರಣೆಯಲ್ಲಿ ನಿರ್ದೋಷಿಯೆನಿಸಿದ. ಹೊರಬಿದ್ದವರಲ್ಲಿ ಕೆಲವರು ಕಡಲ ದಂಡೆಗೆ, ಕೆಲವರು ಗ್ಲಾಸ್ಗೋಗೆ, ಅನೇಕರು ಕೆನಡಾಕ್ಕೆ ಹೋದರು. ಉಳುವವನಿಗೆ ತನ್ನ ನೆಲದ ಮೇಲೆ ಭದ್ರವಾದ ಹಕ್ಕು ಸಿಕ್ಕಿದ್ದು 1886ರ ಕಾನೂನಿನಿಂದ. ಅಷ್ಟರಲ್ಲಿ ಅನೇಕ ಕಣಿವೆಗಳು ಬರಿದಾಗಿದ್ದವು. ಇಂದು ಪ್ರವಾಸಿಗರು ಮೆಚ್ಚುವ ಆ ನೀರವ ಸೌಂದರ್ಯ ಪ್ರಕೃತಿಯೊಂದೇ ಕೊಟ್ಟದ್ದಲ್ಲ.

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರು ಇನ್ನೊಂದು ಸಂಗತಿಯನ್ನು ತಿಳಿಯಬೇಕು. 1778ರಲ್ಲಿ ಲಂಡನ್ನಿನಲ್ಲಿದ್ದ ಹೈಲ್ಯಾಂಡಿನವರು ಸೇರಿ ಒಂದು ಸಂಘ ಕಟ್ಟಿದರು. ಉಡುಪಿನ ಮೇಲಿದ್ದ ನಿಷೇಧವನ್ನು ತೆಗೆಸಲು ಆ ಸಂಘ ಪಟ್ಟು ಹಿಡಿದು ದುಡಿಯಿತು. 1782ರಲ್ಲಿ ಕಾನೂನು ರದ್ದಾಯಿತು. ಊರಿನಲ್ಲಿದ್ದವರಿಗೆ ಆಗದ ಕೆಲಸ ಊರು ಬಿಟ್ಟವರಿಂದ ಆಯಿತು. ಆದರೆ ಬಟ್ಟೆ ಉಳಿದಷ್ಟು ಸುಲಭವಾಗಿ ಭಾಷೆ ಉಳಿಯಲಿಲ್ಲ. ರಸ್ತೆಯ ಫಲಕಗಳ ಮೇಲೆ ಗೇಲಿಕ್ ಹೆಸರುಗಳನ್ನು ಕಂಡೆವು, ಆ ಪ್ರಯಾಣದಲ್ಲಿ ಬಾಯಲ್ಲಿ ಮಾತ್ರ ಕೇಳಲಿಲ್ಲ. ಅವರನ್ನು ಅಟ್ಟಿದರು, ನಾವು ಉದ್ಯೋಗ ಅರಸಿ ಬಂದವರು, ಎರಡೂ ಒಂದಲ್ಲ. ಆದರೂ ಮನೆಯಲ್ಲಿ ಮಕ್ಕಳು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೆ ಎಂಬ ಯೋಚನೆ ನಮ್ಮನ್ನು ಬಿಡಲಿಲ್ಲ.

ಶ್ರೀರಂಗಪಟ್ಟಣದ ಗುಂಬಜ್ ಬಳಿ ಬೈಲಿಯ ಸ್ಮಾರಕವಿದೆ. ಅವನ ಬಂಧುವೊಬ್ಬ 1816ರಲ್ಲಿ ಕಟ್ಟಿಸಿದ್ದು. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ದರಿಯಾ ದೌಲತ್ತಿನ ಗೋಡೆಯ ಚಿತ್ರದ ಜತೆಗೆ ಅದನ್ನೂ ತೋರಿಸಿ. ಆ ಕಲ್ಲು ಯಾರ ನೆನಪಿಗೆ ನಿಂತಿದೆಯೋ ಅವನೂ ತನ್ನ ಊರಿನ ಸರೋವರಕ್ಕೆ ಮರಳಿ ಹೋಗಲಾಗದವನು ಎಂದು ಹೇಳಿ.