ಹಂದಿಗೋಡು ಕಾಯಿಲೆ: ವಂಶವಾಹಿಯ ಬದಲಾವಣೆ ಮತ್ತು ದೇಹದ ಬೆಳವಣಿಗೆ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳಲ್ಲಿ ವಿಕಲಚೇತನರ ಗುರುತಿನ ಚೀಟಿ ಮತ್ತು ಮಾಸಾಶನಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಂದಿಗೋಡು ಕಾಯಿಲೆಯು 1974-75ರ ಸುಮಾರಿಗೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಮೊದಲು ಗಮನಕ್ಕೆ ಬಂದಿತು. ತರುವಾಯ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ಗ್ರಾಮಗಳಲ್ಲಿಯೂ ಕಂಡುಬಂದಿತು. ಸೊಂಟದ ಕೀಲಿನಲ್ಲಿ ನೋವು ಆರಂಭವಾಗಿ, ಕ್ರಮೇಣ ಕೀಲು ಸವೆದು, ನಡಿಗೆ ಓಲಾಡುವಂತಾಗುತ್ತದೆ. ಕೆಲವರಲ್ಲಿ ಎತ್ತರ ಸಾಮಾನ್ಯವಾಗಿಯೇ ಇದ್ದು ಸೊಂಟ ಮಾತ್ರ ಕೆಡುತ್ತದೆ. ಇನ್ನು ಕೆಲವರಲ್ಲಿ ಬೆನ್ನುಮೂಳೆ ಮತ್ತು ಕೈಕಾಲುಗಳ ಮೂಳೆಗಳ ಬೆಳವಣಿಗೆಯೇ ಕುಂಠಿತಗೊಂಡು ಕುಬ್ಜತೆ ಉಂಟಾಗುತ್ತದೆ.

ಗದ್ದೆಯ ಏಡಿ ತಿಂದದ್ದೇ ಕಾರಣ, ಕೀಟನಾಶಕವೇ ಕಾರಣ ಎಂಬ ಶಂಕೆ ಬಹುಕಾಲ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಹಾಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳಲ್ಲಿ ಕಾಯಿಲೆಯು ಕೆಲವೇ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿರುವುದು ಕಂಡುಬಂದಿದ್ದು, ಇದನ್ನು ಪ್ರಬಲ ಗುಣದ ಅನುವಂಶೀಯ ಕಾಯಿಲೆ ಎಂದು ಗುರುತಿಸಲಾಗಿದೆ. ಇದು ಅಂಟುರೋಗವಲ್ಲ. ರೋಗಿಯೊಡನೆ ಊಟ, ವಾಸ, ಕೆಲಸ ಯಾವುದರಿಂದಲೂ ಮತ್ತೊಬ್ಬರಿಗೆ ಬಾರದು.

‘ಪ್ರಬಲ ಗುಣ’ ಎಂದರೇನು ಎಂಬುದನ್ನು ಹಣ್ಣಿನ ನೊಣದ ಉದಾಹರಣೆಯಿಂದ ತಿಳಿಯಬಹುದು. ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಡ್ರೊಸೊಫಿಲಾ ಎಂಬ ಈ ಸಣ್ಣ ನೊಣದ ತಳಿಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗವು ಮಾನಸಗಂಗೋತ್ರಿಯಲ್ಲಿ ಸಂಗ್ರಹಿಸಿ ಸಾಕುತ್ತಿದೆ. ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ ಸಾಕಾಗುವುದರಿಂದ ಹಲವು ತಲೆಮಾರುಗಳನ್ನು ಅಲ್ಪಕಾಲದಲ್ಲಿ ಪರಿಶೀಲಿಸಬಹುದು. ಇದರಲ್ಲಿ ‘ಕರ್ಲಿ’ ಎಂಬ ವಂಶವಾಹಿ ಉತ್ಪರಿವರ್ತನೆಯ ಒಂದೇ ಪ್ರತಿ ತಂದೆಯಿಂದಾಗಲಿ ತಾಯಿಯಿಂದಾಗಲಿ ಬಂದರೂ ರೆಕ್ಕೆಗಳು ಮೇಲಕ್ಕೆ ಸುರುಳಿಯಾಗುತ್ತವೆ. ಮರಿಹುಳುವಿನ ಹಂತದಲ್ಲಿ ಯಾವ ಕುರುಹೂ ತೋರದು. ಕೋಶದಿಂದ ಹೊರಬಂದ ಮೇಲಷ್ಟೇ ದೋಷ ಪ್ರಕಟವಾಗುತ್ತದೆ. ತಂಪಾದ ವಾತಾವರಣದಲ್ಲಿ ಬೆಳೆದ ನೊಣದಲ್ಲಿ ವಂಶವಾಹಿ ಇದ್ದೂ ರೆಕ್ಕೆ ನೇರವಾಗಿಯೇ ಉಳಿಯುವುದುಂಟು.

ನೊಣದ ರೆಕ್ಕೆಗೂ ಮನುಷ್ಯನ ಮೂಳೆಗೂ ನೇರ ಸಂಬಂಧವಿಲ್ಲವಾದರೂ ಅನುವಂಶೀಯತೆಯ ಲೆಕ್ಕ ಒಂದೇ. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದಲ್ಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ನಾಲ್ಕು ಮಕ್ಕಳಲ್ಲಿ ಇಬ್ಬರಿಗೆ ಮಾತ್ರ ಎಂದು ಭಾವಿಸತಕ್ಕದ್ದಲ್ಲ. ಪ್ರತಿ ಗರ್ಭಕ್ಕೂ ಸಂಭವ ಪ್ರತ್ಯೇಕವಾಗಿಯೇ ಇರುತ್ತದೆ. ಸೊಸೆಯ ಕಾಲ್ಗುಣವೆಂದು ದೂರುವುದಕ್ಕೆ ಇಲ್ಲಿ ಯಾವ ಆಧಾರವೂ ಇಲ್ಲ.

ಕೀಲುನೋವೆಲ್ಲ ಹಂದಿಗೋಡು ಕಾಯಿಲೆಯಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿ.ಗ್ರಾಂ. ಮೀರಿದ್ದಲ್ಲಿ, ದೀರ್ಘಕಾಲ ಕುಡಿದವರಿಗೆ ಹಲ್ಲು ಮತ್ತು ಮೂಳೆಯ ಫ್ಲೋರೋಸಿಸ್ ಉಂಟಾಗಬಹುದು. ಅದು ವಂಶ ನೋಡಿ ಬರುವುದಿಲ್ಲ, ನೀರು ನೋಡಿ ಬರುತ್ತದೆ. ಆದ್ದರಿಂದ ವೈದ್ಯರಿಗೆ ಕುಡಿಯುವ ನೀರಿನ ಮೂಲವನ್ನೂ, ಅಜ್ಜ ಅಜ್ಜಿಯರ ಕಾಲದಿಂದ ಮನೆಯಲ್ಲಿ ಯಾರಿಗೆ ಇಂತಹ ತೊಂದರೆ ಇತ್ತೆಂಬುದನ್ನೂ ಮರೆಮಾಚದೆ ತಿಳಿಸುವುದು. ವಿವಾಹ ಸಂಬಂಧ ತಪ್ಪೀತೆಂಬ ಅಂಜಿಕೆಯಿಂದ ಈ ವಿವರವನ್ನು ಮುಚ್ಚಿಟ್ಟರೆ ಮಗುವಿನ ತಪಾಸಣೆ ತಡವಾಗುತ್ತದೆ.

ಕಾಯಿಲೆಯನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧಿ ಇಲ್ಲ. ನೋವು ಶಮನ, ವ್ಯಾಯಾಮ ಚಿಕಿತ್ಸೆ, ಕೆಲವರಿಗೆ ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಲಭ್ಯವಿವೆ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಕುಬ್ಜತೆಯನ್ನು ಅಂಗವೈಕಲ್ಯವೆಂದು ಸೇರಿಸಲಾಗಿದ್ದು, ವಯಸ್ಕರ ಎತ್ತರ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಇರತಕ್ಕದ್ದು. ಎತ್ತರ ಸರಿಯಿದ್ದು ಸೊಂಟ ಮಾತ್ರ ಕೆಟ್ಟವರು ಚಲನವಲನ ವೈಕಲ್ಯದಡಿ ಅರ್ಜಿ ಸಲ್ಲಿಸಬಹುದು. ಎತ್ತರದ ಕಾರಣ ನೀಡಿ ಯಾರೂ ಹಿಂಜರಿಯಬೇಕಾಗಿಲ್ಲ. ವೈಕಲ್ಯದ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ನಿರ್ಧರಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ದೃಢಪಟ್ಟವರು ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದಾಗಿದ್ದು, ಅರ್ಜಿ ಭರ್ತಿ ಮಾಡಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದು. ಸೊಂಟದ ಕ್ಷಕಿರಣ ಚಿತ್ರವಿದ್ದಲ್ಲಿ ತಪಾಸಣೆಗೆ ಬರುವಾಗ ಅದನ್ನು ಜೊತೆಗೆ ತರುವುದು.